ಕಾಣಿಸದ ಆರು ನಟ್: ವಿ-ಕ್ರಾಸ್ ಪಿಕಪ್‌ಗೆ ವೀಲ್ ಸ್ಪೇಸರ್ ಹಾಕಿದ್ದು

ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಗೊಬ್ಬರದ ಚೀಲ, ಡೀಸೆಲ್ ಕ್ಯಾನು, ಕೆಟ್ಟ ಮೋಟಾರು, ಮದುವೆ ಸೀಸನ್ನಿನಲ್ಲಿ ನೆಂಟರು, ಎಲ್ಲದಕ್ಕೂ ಇರುವುದು ಒಂದೇ ಗಾಡಿ. 2017ರ ಇಸುಜು ವಿ-ಕ್ರಾಸ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದಿನ ಯಜಮಾನ ಕಂಪನಿಯ 245/70 ಆರ್16 ಟೈರ್ ತೆಗೆದು 265/70 ಆರ್16 ಹಾಕಿಸಿದ್ದ. ನೋಡಲು ಗಟ್ಟಿಮುಟ್ಟು, ಕೆಸರಲ್ಲಿ ಹಿಡಿತವೂ ಚೆನ್ನ. ಆದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ತೋಟದ ಗೇಟಿನ ಹೊಂಡ ಇಳಿಸಿದರೆ ಮುಂದಿನ ಎಡಗಡೆಯಿಂದ ಸರ್‍ರ್ ಅಂತ ಶಬ್ದ.

ಟಾರ್ಚ್ ಹಿಡಿದು ಮಲಗಿ ನೋಡಿದೆ. ಟೈರಿನ ಒಳಮೈ ಮೇಲೆ ಬೆರಳಗಲದ ಪಟ್ಟಿಯೊಂದು ಪಾಲಿಶ್ ಮಾಡಿದ ಹಾಗೆ ಹೊಳೆಯುತ್ತಿತ್ತು. ಎದುರಿಗೆ ಮೇಲಿನ ಸಸ್ಪೆನ್ಶನ್ ಆರ್ಮ್. ಅದರ ಕಪ್ಪು ಬಣ್ಣ ಹೋಗಿ ಕಬ್ಬಿಣ ಬೆಳ್ಳಗಾಗಿತ್ತು. ಎಷ್ಟು ಜಾಗ ಬೇಕು ಎಂದು ತಿಳಿಯಲು ಮಗಳ ಆಟದ ಕ್ಲೇ ಕದ್ದು ತಂದೆ. ಗೋಲಿ ಗಾತ್ರದ ಉಂಡೆಗಳನ್ನು ಆರ್ಮಿನ ಉದ್ದಕ್ಕೂ ಅಂಟಿಸಿ, ಅದೇ ಹೊಂಡದಲ್ಲಿ ಎರಡು ಸಲ ಹತ್ತಿಸಿ ಇಳಿಸಿದೆ. ಅಪ್ಪಚ್ಚಿಯಾದ ಕ್ಲೇಯನ್ನು ವರ್ನಿಯರ್‌ನಲ್ಲಿ ಅಳೆದರೆ ಬಲಗಡೆ 3 ಮಿ.ಮೀ. ಉಳಿದಿತ್ತು. ಎಡಗಡೆ ಏನೂ ಉಳಿದಿರಲಿಲ್ಲ.

ಲೆಕ್ಕ ಸುಲಭ. 245ರಿಂದ 265 ಅಂದರೆ ಟೈರ್ 20 ಮಿ.ಮೀ. ಹೆಚ್ಚು ಅಗಲ. ಅದರಲ್ಲಿ 10 ಒಳಗೆ ಹೋಗುತ್ತದೆ, 10 ಹೊರಗೆ ಬರುತ್ತದೆ. ಆ ಒಳಗಿನ 10 ನನಗೆ ವಾಪಸ್ ಬೇಕಿತ್ತು. (ಟೈರಿನ ಎತ್ತರವೂ 28 ಮಿ.ಮೀ. ಜಾಸ್ತಿಯಾಗಿದೆ. ಅಂದರೆ ಮೀಟರ್ 60 ತೋರಿಸುವಾಗ ಗಾಡಿ ನಿಜಕ್ಕೂ 62ರಲ್ಲಿ ಇರುತ್ತದೆ. ಅದು ಬೇರೆ ಕತೆ.)

ಸರಿಯಾದ ದಾರಿ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. ಒಂದೋ 245ಕ್ಕೆ ವಾಪಸ್ ಹೋಗಬೇಕು, ಇಲ್ಲಾ ಆಫ್‌ಸೆಟ್ ಕಡಿಮೆ ಇರುವ ಬೇರೆ ರಿಮ್ ಹಾಕಬೇಕು. ಆಫ್‌ಸೆಟ್ ಎಂದರೆ ರಿಮ್ಮಿನ ನಡುಮಧ್ಯದಿಂದ ಹಬ್‌ಗೆ (ಗಾಡಿಯಲ್ಲಿ ಚಕ್ರ ಬಿಗಿಯುವ, ತಿರುಗುವ ಭಾಗಕ್ಕೆ) ತಾಗುವ ಮುಖ ಎಷ್ಟು ಹೊರಗಿದೆ ಎನ್ನುವ ಅಳತೆ. ಕಂಪನಿಯ 7 ಇಂಚಿನ ರಿಮ್ಮಿಗೆ ಅದು 33 ಮಿ.ಮೀ. ನನಗೆ 20ರ ಆಸುಪಾಸು ಸಾಕಿತ್ತು. ಆದರೆ ಟೈರ್ ಇನ್ನೂ ಮುಕ್ಕಾಲು ಪಾಲು ಹೊಸದು, ನಾಲ್ಕು ಅಲಾಯ್ ರಿಮ್ ಕೊಳ್ಳುವಷ್ಟು ಕಾಫಿ ದುಡ್ಡು ಆಗ ಕೈಯಲ್ಲಿರಲಿಲ್ಲ. ಹಾಗಾಗಿ ಸ್ಪೇಸರ್, ಅಂದರೆ ಹಬ್ಬಿಗೂ ಚಕ್ರಕ್ಕೂ ನಡುವೆ ಕೂತು ಚಕ್ರವನ್ನು ಹೊರಗೆ ತಳ್ಳುವ ಲೋಹದ ಬಿಲ್ಲೆ. ಅದು ಮೊದಲ ಆಯ್ಕೆ ಆಗಿರಲಿಲ್ಲ, ಕೈಗೆಟುಕಿದ ಆಯ್ಕೆ ಆಗಿತ್ತು.

ಸ್ಪೇಸರ್‌ನಲ್ಲಿ ಎರಡು ಜಾತಿ. ಒಂದು ಸುಮ್ನೆ ತೂತು ಕೊರೆದ ಬಿಲ್ಲೆ. ಹಬ್ಬಿನ ಸ್ಟಡ್‌ಗಳ (ನಟ್ ಹಾಕಲು ಹೊರಚಾಚಿದ ಬೋಲ್ಟುಗಳ) ಮೇಲೆ ಕೂರಿಸಿ, ಅದರ ಮೇಲೆ ಚಕ್ರ ಹಾಕಿ, ಅದೇ ನಟ್ ಬಿಗಿಯುವುದು. ನನಗೆ ಬೇಕಿದ್ದ 10 ಮಿ.ಮೀ. ಈ ಜಾತಿಯಲ್ಲಿ ಮಾತ್ರ ಸಿಗುತ್ತದೆ, ಅಗ್ಗವೂ ಹೌದು. ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿದೆ. ಒಂದು ನಟ್ ಬಿಚ್ಚಿ, ಮತ್ತೆ ಕೈಯಲ್ಲೇ ಹಾಕುತ್ತಾ ಸುತ್ತು ಎಣಿಸಿದೆ. ಕೂರುವಷ್ಟರಲ್ಲಿ ಹನ್ನೊಂದು ಸುತ್ತು. ಈ ಸ್ಟಡ್ 12 ಮಿ.ಮೀ. ದಪ್ಪ, ಮರೆ, ಅಂದರೆ ತಿರುಪಿನ ಸುತ್ತು, ಒಂದೂವರೆ ಮಿ.ಮೀ.ಗೆ ಒಂದು. ಸ್ಟಡ್ ಎಷ್ಟು ದಪ್ಪವೋ ಕಡಿಮೆ ಅಂದರೂ ಅಷ್ಟು ಉದ್ದ ನಟ್ ಹಿಡಿದಿರಬೇಕು, ಅಂದರೆ ಎಂಟು ಸುತ್ತು. 10 ಮಿ.ಮೀ. ಬಿಲ್ಲೆ ಹಾಕಿದರೆ ಹತ್ತಿರ ಹತ್ತಿರ ಏಳು ಸುತ್ತು ಅದೇ ತಿಂದು ಬಿಡುತ್ತದೆ. ಉಳಿಯುವುದು ನಾಲ್ಕು. ನಾಲ್ಕು ಸುತ್ತಿನ ಮೇಲೆ ಎರಡು ಟನ್ ಗಾಡಿ ಮತ್ತು ಚಾರ್ಮಾಡಿ ಘಾಟಿಯ ತಿರುವು. ಆ ಬಿಲ್ಲೆ ಅಲ್ಲಿಗೇ ಬಿಟ್ಟೆ.

ಇನ್ನೊಂದು ಜಾತಿಗೆ ತನ್ನದೇ ಸ್ಟಡ್ ಇರುತ್ತದೆ. ಮೊದಲು ಸ್ಪೇಸರನ್ನು ಹಬ್ಬಿಗೆ ಆರು ನಟ್ ಹಾಕಿ ಬಿಗಿಯಬೇಕು. ಆ ನಟ್‌ಗಳು ಸ್ಪೇಸರಿನ ಗುಳಿಯೊಳಗೆ ಮುಳುಗಿ ಕೂರುತ್ತವೆ. ಆಮೇಲೆ ಸ್ಪೇಸರಿನ ಸ್ಟಡ್‌ಗೆ ಚಕ್ರ, ಅದಕ್ಕೆ ಕಂಪನಿಯ ಆರು ನಟ್. ಮರೆಗೆ ಮೋಸವಿಲ್ಲ. ಆದರೆ ನಟ್ ಮುಳುಗಲು ಜಾಗ ಬೇಕಲ್ಲ, ಹಾಗಾಗಿ 25 ಮಿ.ಮೀ.ಗಿಂತ ತೆಳ್ಳಗಿನದನ್ನು ನಾನು ನಂಬಲಿಲ್ಲ. ಬೇಕಿದ್ದದ್ದು 10, ತಗೊಂಡಿದ್ದು 25. ಆ ಹೆಚ್ಚುವರಿ 15 ಮಿ.ಮೀ.ಗೆ ಬಾಡಿಗೆ ಕಟ್ಟಬೇಕಾಗುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಬೆಂಗಳೂರಿಗೆ ಹೋದಾಗ ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದೆ. ಒಂದು ಅಂಗಡಿಯಲ್ಲಿ, "ಆರು ಸ್ಟಡ್ ಅಲ್ವಾ ಸಾರ್, 139.7 ಅಲ್ವಾ, ಎಲ್ಲ ಒಂದೇ, ಫಾರ್ಚುನರ್‌ದು ತಗೊಳ್ಳಿ" ಎಂದು ಪ್ಯಾಕೆಟ್ ಕೈಗಿಟ್ಟರು. ಅವರು ಹೇಳಿದ್ದು ಅರ್ಧ ನಿಜ. ಸ್ಟಡ್‌ಗಳ ವೃತ್ತದ ಅಳತೆ ವಿ-ಕ್ರಾಸ್, ಫಾರ್ಚುನರ್, ಎಂಡೆವರ್ ಮೂರಕ್ಕೂ 139.7 ಮಿ.ಮೀ. ಸ್ಟಡ್ಡಿನ ಮರೆಯೂ ಒಂದೇ. ಬೇರೆ ಇರುವುದು ನಡುವಿನ ತೂತು. ಫಾರ್ಚುನರ್‌ದು 106.1, ಎಂಡೆವರ್‌ದು 93.1, ನನ್ನದು 100.1. ಎಂಡೆವರ್‌ದು ನನ್ನ ಹಬ್ಬಿನ ಮೇಲೆ ಕೂರುವುದೇ ಇಲ್ಲ, ಹಾಗಾಗಿ ಅದರಿಂದ ಅಪಾಯವಿಲ್ಲ. ಅಪಾಯ ಇರುವುದು ಫಾರ್ಚುನರ್‌ದರಲ್ಲಿ. ಅದು ಸಲೀಸಾಗಿ ಕೂರುತ್ತದೆ. ಸುತ್ತ 3 ಮಿ.ಮೀ. ಸಂದು ಉಳಿಯುತ್ತದೆ, ನಡುವಿಗೆ ಹಿಡಿಯಲು ಏನೂ ಇರುವುದಿಲ್ಲ. ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ 80ರಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಆಮೇಲೆ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಅಂತ ದುಡ್ಡು ಸುರಿದರೂ ಕಾರಣ ಸಿಗುವುದಿಲ್ಲ.

ನಾನು ಜೇಬಿನಲ್ಲಿ ವರ್ನಿಯರ್ ಇಟ್ಟುಕೊಂಡೇ ಹೋಗಿದ್ದೆ. ಕೊನೆಗೆ ಸಿಕ್ಕ ಜೋಡಿಗಳು ಒಳಗೆ 100ಕ್ಕೆ ಕೂದಲೆಳೆ ಜಾಸ್ತಿ, ಹೊರಗೆ ಅಷ್ಟೇ ಅಳತೆಯ ತುಟಿ ಎದ್ದಿದೆ. ಒಳಗಿನ ತೂತು ಹಬ್ಬನ್ನು ಹಿಡಿಯುತ್ತದೆ, ಹೊರಗಿನ ತುಟಿ ರಿಮ್ಮನ್ನು ಹಿಡಿಯುತ್ತದೆ. ಲೋಹ 6061-ಟಿ6 ಅಲ್ಯುಮಿನಿಯಂ, ಗಟ್ಟಿಯಿಂದ ಕಡೆದದ್ದು. ಅಚ್ಚಿಗೆ ಸುರಿದದ್ದಲ್ಲ. ಅಚ್ಚಿನ ಮಾಲಿಗೆ ಗುಳಿಯ ಮೂಲೆಗಳಲ್ಲಿ ಸಣ್ಣ ಸಣ್ಣ ರಂಧ್ರ ಕಾಣುತ್ತವೆ, ಕೈಗೂ ಸ್ವಲ್ಪ ತರಿತರಿ ಅನಿಸುತ್ತದೆ. ಪ್ರತಿ ಸ್ಟಡ್ಡಿನ ತಲೆ ಮೇಲೆ 10.9 (ಉಕ್ಕಿನ ಬಲದ ದರ್ಜೆ) ಎಂದು ಒತ್ತಿದೆಯಾ ಅಂತ ಇಪ್ಪತ್ನಾಲ್ಕನ್ನೂ ನೋಡಿದೆ. ಅಂಗಡಿಯವರು ಎರಡು ಟೀ ತರಿಸಿದರು, ಒಂದು ಅವರ ತಲೆನೋವಿಗೆ ಇರಬೇಕು.

ಮನೆಗೆ ಬಂದ ಮೇಲೆ ಇನ್ನೊಂದು ಸಿಕ್ಕು ಬಿಚ್ಚಿಕೊಂಡಿತು. ಹಬ್ಬಿನ ಮುಖದಿಂದ ಕಂಪನಿ ಸ್ಟಡ್ 30 ಮಿ.ಮೀ. ಹೊರಗಿದೆ. ಸ್ಪೇಸರ್ 25. ಅಂದರೆ ಸ್ಟಡ್ಡಿನ ತುದಿ 5 ಮಿ.ಮೀ. ಹೊರಗೆ ಇಣುಕುತ್ತದೆ. ಅಲಾಯ್ ರಿಮ್ಮಿನ ಬೆನ್ನಲ್ಲಿ ಸ್ಟಡ್ ತೂತುಗಳ ನಡುವೆ ಆಳದ ಗುಳಿಗಳಿವೆ, ತುದಿಗಳು ಅಲ್ಲಿ ಹೋಗಿ ಕೂರುತ್ತವೆ. ಕ್ಲೇ ಇಟ್ಟು ನೋಡಿದೆ, ಜಾಗ ಬೇಕಾದಷ್ಟಿದೆ. ಆದರೆ ನನ್ನ ಸ್ಟೆಪ್ನಿ ಸ್ಟೀಲ್ ರಿಮ್ಮು! ಅದರ ಬೆನ್ನು ಚಪ್ಪಟೆ. ಮಳೆಯಲ್ಲಿ, ಕತ್ತಲಲ್ಲಿ ಪಂಚರ್ ಆದರೆ ಸ್ಟೆಪ್ನಿ ಆರು ತುದಿಗಳ ಮೇಲೆ ನಿಲ್ಲುತ್ತದೆ, ಸ್ಪೇಸರಿಗೆ ತಾಗುವುದೇ ಇಲ್ಲ.

ಲೇತ್ ಅಂಗಡಿಯ ಮಿಸ್ತ್ರಿ, "ಸ್ಟಡ್ ಕುಯ್ದು ಬಿಡುವ, ಹತ್ತು ನಿಮಿಷದ ಕೆಲಸ" ಎಂದರು. ಮುಂದೆ ಯಾವತ್ತಾದರೂ ಸ್ಪೇಸರ್ ತೆಗೆದರೆ ಆ ಗಿಡ್ಡ ಸ್ಟಡ್ ಎಂತಕ್ಕೆ ಬಂತು? 32 ಮಿ.ಮೀ. ಸ್ಪೇಸರ್ ಹಾಕಿದರೆ ತುದಿ ಒಳಗೇ ಉಳಿಯುತ್ತಿತ್ತು, ಆದರೆ ಚಕ್ರ ಇನ್ನೂ 7 ಮಿ.ಮೀ. ಹೊರಗೆ ಹೋಗುತ್ತದೆ. ಕೊನೆಗೆ ಗುಜರಿಯಲ್ಲಿ ಅದೇ ಕಂಪನಿಯ ಒಂಟಿ ಅಲಾಯ್ ಹುಡುಕಿ ಸ್ಟೆಪ್ನಿ ಬದಲಾಯಿಸಿದೆ. ಅಂಚಿನಲ್ಲಿ ಸ್ವಲ್ಪ ಗೀರಿದೆ. ಸ್ಟೆಪ್ನಿಗೆ ಅಂದ ಯಾರು ನೋಡುತ್ತಾರೆ.

ಸ್ಪೇಸರ್ ಮುಂದೆ ಎರಡೇ ಸಾಕಲ್ವಾ ಎಂದು ಕೆಲವರು ಕೇಳಿದರು. ಉಜ್ಜುತ್ತಿದ್ದದ್ದು ಮುಂದೆ ಮಾತ್ರ, ನಿಜ. ಆದರೆ ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಚಕ್ರದ ಜಾಡು ಮೊಣಕಾಲುದ್ದ ಆಗುತ್ತದೆ. ಮುಂದಿನ ಚಕ್ರ ತುಳಿದು ಮಾಡಿದ ಜಾಡಿನಲ್ಲೇ ಹಿಂದಿನದು ಬರಬೇಕು. ಮುಂದೆ ಮಾತ್ರ 50 ಮಿ.ಮೀ. ಅಗಲ ಮಾಡಿದರೆ ಹಿಂದಿನ ಎರಡೂ ಚಕ್ರ ಜಾಡಿನ ಒಳಗೋಡೆಯನ್ನು ಕೆರೆಯುತ್ತಾ ಬರುತ್ತವೆ. ಹಾಗಾಗಿ ನಾಲ್ಕಕ್ಕೂ.

ಕಾನೂನಿನ ಮಾತು ಒಂಚೂರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರಗಳು ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಗಟ್ಟಿ ಮಾಡಿ ಹೇಳಿತು. ಅಪಘಾತವಾದರೆ ಇನ್ಶೂರೆನ್ಸ್‌ನವರು ಇಂಥದ್ದನ್ನೇ ಹುಡುಕುತ್ತಾರೆ. ನಾನು ಅವರಿಗೆ ಮೊದಲೇ ಬರೆದು ತಿಳಿಸಿ, ಕಾಗದದ ಪ್ರತಿ ಇಟ್ಟುಕೊಂಡೆ. ವಾರಂಟಿ ಮುಗಿದಿತ್ತು. ಹೊಸ ಗಾಡಿ ಆಗಿದ್ದರೆ ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಮೇ ತಿಂಗಳ ಮೊದಲ ಭಾನುವಾರ ಕೆಲಸ ಶುರು. ಕಾಫಿ ಒಣಗಿಸುವ ಕಣ ಖಾಲಿ ಇತ್ತು. ಸಿಮೆಂಟಿನ ಸಮ ನೆಲ, ಜಾಕಿ ಕೊಡಲು ಅದಕ್ಕಿಂತ ಒಳ್ಳೆ ಜಾಗ ನಮ್ಮ ಗುಡ್ಡದಲ್ಲಿ ಇಲ್ಲ. ಸಹಾಯಕ್ಕೆ ಪಕ್ಕದ ತೋಟದ ಮಂಜ ಬಂದ.

"ಅಣ್ಣಾ, ಇದಕ್ಕೆ ಇಷ್ಟೆಲ್ಲ ಎಂತಕ್ಕೆ? ಪೇಟೆಗೆ ಹೋದ್ರೆ ನಟ್ ಬಿಗಿಯೋ ಗನ್ನಲ್ಲಿ ಟರ್‍ರ್ ಅಂತ ಇಪ್ಪತ್ತು ನಿಮಿಷದಲ್ಲಿ ಹಾಕಿ ಕೊಡ್ತಾರೆ."

"ಅದಕ್ಕೇ ಮಾರಾಯ ಇಲ್ಲಿ ಹಾಕ್ತಿರೋದು."

ಒಂದು ಚಕ್ರದ ಕತೆ ಪೂರ್ತಿ ಹೇಳುತ್ತೇನೆ, ಉಳಿದ ಮೂರೂ ಅದೇ. ಗೇರಿನಲ್ಲಿ ನಿಲ್ಲಿಸಿ, ಎದುರು ಮೂಲೆಯ ಚಕ್ರಕ್ಕೆ ಎರಡೂ ಕಡೆ ಕಲ್ಲು. ಹಿಂದಿನ ಚಕ್ರ ಎತ್ತುವಾಗ ಹ್ಯಾಂಡ್ ಬ್ರೇಕ್ ನಂಬುವಂತಿಲ್ಲ, ಅದು ಹಿಡಿಯುವುದೇ ಹಿಂದಿನ ಡ್ರಮ್ಮನ್ನು. ನೆಲದಲ್ಲಿ ಇರುವಾಗಲೇ ನಟ್ ಸಡಿಲ ಮಾಡಿ, ಆಮೇಲೆ ಜಾಕಿ, ಚಾಸಿಯ ಕೆಳಗೆ ಸ್ಟ್ಯಾಂಡ್. ಜಾಕಿ ಒಂದನ್ನೇ ನಂಬಿ ಕೈ ಹಾಕಬೇಡಿ.

ಚಕ್ರ ತೆಗೆದರೆ ಹಬ್ಬಿನ ಮುಖ ತುಂಬ ಕೆಂಪು ತುಕ್ಕಿನ ಹುಡಿ. ತಂತಿ ಬ್ರಷ್, ಉಪ್ಪು ಕಾಗದ, ಕೊನೆಗೆ ಒಣ ಬಟ್ಟೆ. ಬೆರಳು ಸವರಿದರೆ ಎಲ್ಲೂ ತಡೆಯಬಾರದು. ಇದರಲ್ಲೇ ಒಂದು ಚಕ್ರಕ್ಕೆ ಅರ್ಧ ಗಂಟೆ ಹೋಯಿತು, ಹೋಗಲಿ. ಚಕ್ರವನ್ನು ಹಿಡಿದಿಡುವುದು ಸ್ಟಡ್ಡಿನ ಅಡ್ಡ ಬಲ ಎಂದು ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ. ಸ್ಟಡ್‌ಗಳು ಎರಡು ಮುಖಗಳನ್ನು ಒತ್ತಿ ಹಿಡಿಯುತ್ತವೆ, ಆ ಮುಖಗಳ ನಡುವಿನ ಘರ್ಷಣೆ ಗಾಡಿಯನ್ನು ಹೊರುತ್ತದೆ. 110 ನ್ಯೂಟನ್ ಮೀಟರ್‌ಗೆ (ನಟ್ ತಿರುಗಿಸುವ ಬಲದ ಅಳತೆ) ಬಿಗಿದ 12 ಮಿ.ಮೀ. ಸ್ಟಡ್ ಒಂದೊಂದೂ ಸುಮಾರು ನಾಲ್ಕೂವರೆ ಟನ್ ಬಲದಲ್ಲಿ ಎಳೆದು ಹಿಡಿದಿರುತ್ತದೆ. ನಡುವೆ ತುಕ್ಕಿನ ಪದರ ಇದ್ದರೆ ನಾಲ್ಕು ದಿನದಲ್ಲಿ ಅದು ಪುಡಿಯಾಗಿ ಉದುರುತ್ತದೆ. ಉದುರಿದಷ್ಟು ಜಾಗ ಸಡಿಲವಾಗುತ್ತದೆ.

ಸ್ಪೇಸರ್ ಕೂರಿಸಿ ಎರಡೂ ಕೈಯಿಂದ ಒತ್ತಿ ಅಲ್ಲಾಡಿಸಿದೆ. ಟಕಟಕ ಎನ್ನಬಾರದು. ಮೊದಲ ಮೂರು ಸುತ್ತು ನಟ್ ಕೈಯಲ್ಲೇ. ಮರೆಗೆ ಎಣ್ಣೆ, ಗ್ರೀಸ್ ಏನೂ ಹಚ್ಚಲಿಲ್ಲ. ಎಣ್ಣೆ ಬಿದ್ದ ಮರೆ ಜಾರುತ್ತದೆ, ಅದೇ 110ಕ್ಕೆ ಸ್ಟಡ್ ಮೂರನೇ ಒಂದು ಪಾಲು ಜಾಸ್ತಿ ಎಳೆಯಲ್ಪಡುತ್ತದೆ. ಪ್ಯಾಕೆಟ್ಟಿನಲ್ಲಿ ನೀಲಿ ಅಂಟಿನ ಸಣ್ಣ ಟ್ಯೂಬೂ ಇತ್ತು, ನಟ್ ಸಡಿಲವಾಗದ ಹಾಗೆ ಹಚ್ಚುವಂಥದ್ದು. ಹಚ್ಚಲಿಲ್ಲ. ವಾರದೊಳಗೆ ಮತ್ತೆ ಬಿಗಿ ನೋಡುವವನು ನಾನು. ಅಂಟು ಒಡೆದ ಮೇಲೆ ಅದರಿಂದ ಏನು ಉಪಯೋಗ?

ಇನ್ನೊಂದು ತಮಾಷೆ ಇದೆ. ಚಕ್ರ ಇಲ್ಲ, ಗಾಡಿ ಗಾಳಿಯಲ್ಲಿದೆ, ಟಾರ್ಕ್ ರೆಂಚ್ (ಬೇಕಾದಷ್ಟು ಬಿಗಿಯಾದ ಕೂಡಲೇ ಟಕ್ ಎನ್ನುವ ಸ್ಪ್ಯಾನರ್) ಎಳೆದರೆ ಹಬ್ಬೇ ತಿರುಗುತ್ತದೆ. ನಟ್ ಬಿಗಿಯುವುದು ಹೇಗೆ? ಮಂಜ ಒಳಗೆ ಕೂತು ಬ್ರೇಕ್ ಒತ್ತಿದ. ಹಿಂದಿನ ಡ್ರಮ್‌ಗೆ ಒಂದು ಎಚ್ಚರ: ಸ್ಪೇಸರ್ ನಟ್‌ಗಳು ಕೈಬಿಗಿಯಾಗಿ ಡ್ರಮ್ ಅಲುಗದ ಹಾಗೆ ಕೂತ ಮೇಲೇ ಬ್ರೇಕ್ ಒತ್ತಬೇಕು. ಗುಳಿಯೊಳಗೆ ದಪ್ಪ ಸಾಕೆಟ್ ಹೋಗುವುದಿಲ್ಲ, ತೆಳು ಗೋಡೆಯ 19ರ ಸಾಕೆಟ್ ಬೇಕಾಯಿತು. ಎದುರು ಬದುರಾಗಿ ಮೊದಲ ಸುತ್ತು 40, ಆಮೇಲೆ 80, ಆಮೇಲೆ ಸ್ಪೇಸರಿನ ಚೀಟಿಯಲ್ಲಿದ್ದ 110. ರೆಂಚ್ ಟಕ್ ಅಂದ ಮೇಲೆ ಪ್ರತಿ ನಟ್ ಮೇಲೆ ಬಿಳಿ ಪೇಂಟ್ ಮಾರ್ಕರ್‌ನಿಂದ ಒಂದು ಗೆರೆ, ನಟ್‌ನಿಂದ ಸ್ಪೇಸರಿಗೆ ದಾಟುವ ಹಾಗೆ. ನಟ್ ಅಲುಗಿದರೆ ಗೆರೆ ಮುರಿಯುತ್ತದೆ. ಮೇಲೆ ಚಕ್ರ, ಕಂಪನಿ ನಟ್, ನೆಲಕ್ಕಿಳಿಸಿ 120. ಇದು ನನ್ನ ಗಾಡಿಯ ಲೆಕ್ಕ, ನಿಮ್ಮದಕ್ಕೆ ನಿಮ್ಮ ಮ್ಯಾನ್ಯುಯಲ್ ನೋಡಿ.

ಗನ್ ಬೇಡ ಎಂದು ಹಟ ಹಿಡಿದದ್ದಕ್ಕೆ ಕಾರಣ ಇದೇ. ಚಕ್ರ ಹಾಕಿದ ಮೇಲೆ ಹೊರಗೆ ಆರು ನಟ್ ಕಾಣುತ್ತವೆ. ಪಂಚರ್ ಅಂಗಡಿಯವರು, ಸರ್ವಿಸ್‌ನವರು, ನೀವು, ಎಲ್ಲರೂ ಅವನ್ನೇ ಬಿಗಿಯುತ್ತೀರಿ. ಗಾಡಿಗೂ ಚಕ್ರಕ್ಕೂ ನಿಜವಾದ ನಂಟು ಒಳಗಿನ ಆರರಲ್ಲಿದೆ. ಅವು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಸಲ ಹೇಗೆ ಬಿಗಿದಿರೋ ಹಾಗೆಯೇ ಇರಬೇಕು, ಇಲ್ಲಾ ಚಕ್ರ ಬಿಚ್ಚಿ ನೋಡಬೇಕು.

80 ಕಿ.ಮೀ. ಓಡಿಸಿ, ಚಕ್ರ ಬಿಚ್ಚಿ ಒಳಗಿನ ನಟ್ ನೋಡಿದೆ. ಮೂರು ಚಕ್ರದಲ್ಲಿ ರೆಂಚ್ ಇಟ್ಟ ಕೂಡಲೇ ಟಕ್. ಹಿಂದಿನ ಎಡಗಡೆ ಹಾಗಾಗಲಿಲ್ಲ. ಆರರಲ್ಲಿ ಎರಡು ನಟ್ ಕಾಲು ಸುತ್ತು ತಿರುಗಿದ ಮೇಲೆ ಟಕ್ ಅಂದವು. ರೆಂಚ್ ಇಡುವ ಮೊದಲು ನೋಡಿದಾಗ ಬಿಳಿ ಗೆರೆ ಮುರಿದಿರಲಿಲ್ಲ! ಅಂದರೆ ನಟ್ ತಾನಾಗಿ ಬಿಚ್ಚಿಕೊಂಡಿಲ್ಲ, ಅದರ ಕೆಳಗೇ ಏನೋ ಕುಸಿದಿದೆ. ಮತ್ತೆ ಬಿಗಿದು ಹೋಗಿಬಿಡಬಹುದಿತ್ತು. ಮಂಜನೂ ಅದನ್ನೇ ಹೇಳಿದ, ಮಳೆ ಮೋಡ ಬೇರೆ ಕವಿದಿತ್ತು. ಆದರೂ ಸ್ಪೇಸರ್ ಬಿಚ್ಚಿದೆ.

ಒಂದು ಸ್ಟಡ್ಡಿನ ಬುಡದಲ್ಲಿ ತಗಡಿನ ಸಣ್ಣ ವಾಷರ್. ಅರ್ಧ ಮಿಲಿಮೀಟರೂ ಇಲ್ಲ. ಫ್ಯಾಕ್ಟರಿಯಲ್ಲಿ ಗಾಡಿ ಜೋಡಿಸುವಾಗ ಡ್ರಮ್ ಬೀಳದಿರಲಿ ಅಂತ ಸಿಕ್ಕಿಸುವ ಕ್ಲಿಪ್ ಅದು. ತುಕ್ಕಿನ ಬಣ್ಣಕ್ಕೆ ತಿರುಗಿ ಡ್ರಮ್ಮಿನ ಜೊತೆ ಒಂದಾಗಿತ್ತು. ಬ್ರಷ್ ಹೊಡೆದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇಷ್ಟು ವರ್ಷ ಅದರಿಂದ ತೊಂದರೆ ಆಗಿರಲಿಲ್ಲ, ಯಾಕೆಂದರೆ ಅಲಾಯ್ ರಿಮ್ಮಿನ ತೂತಿನ ಬಾಯಿ ಅಗಲ, ಕ್ಲಿಪ್ ಅದರೊಳಗೆ ಅಡಗುತ್ತಿತ್ತು. ಸ್ಪೇಸರಿನ ತೂತು ಬಿಗಿ. ಕ್ಲಿಪ್ಪಿನ ಮೇಲೆ ಒಂದು ಕಡೆ ಎದ್ದು ಕೂತು, ಓಡಿದ ಹಾಗೆ ಅದನ್ನು ಚಪ್ಪಟೆ ಮಾಡುತ್ತಾ ಬಂದಿತ್ತು. ಸ್ಪೇಸರಿನ ಬೆನ್ನ ಮೇಲೆ ಉಂಗುರದಂಥ ಗುರುತು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸ್ಕ್ರೂ ಡ್ರೈವರ್ ಮೊನೆಯಿಂದ ಕ್ಲಿಪ್ ಕಿತ್ತು, ಮುಖ ಮತ್ತೆ ಉಜ್ಜಿ, ಮೊದಲಿನಿಂದ ಬಿಗಿದೆ. ತಪ್ಪು ಪೂರ್ತಿ ನನ್ನದೇ. ಆ ಕ್ಲಿಪ್ ಈಗ ಕೀ ಗೊಂಚಲಿನಲ್ಲಿದೆ.

ಆಮೇಲೆ 500 ಕಿ.ಮೀ.ಗೆ ಒಮ್ಮೆ, ಅಲ್ಲಿಂದ ಪ್ರತಿ 5,000ಕ್ಕೆ ಒಮ್ಮೆ ನಾಲ್ಕೂ ಚಕ್ರ ಬಿಚ್ಚಿ ಒಳಗಿನ ನಟ್ ನೋಡುವುದು ಎಂದು ಮಾಡಿಕೊಂಡೆ. ಇದುವರೆಗೆ ಯಾವುದೂ ಅಲುಗಿಲ್ಲ.

ಈಗ ಆ 15 ಮಿ.ಮೀ. ಬಾಡಿಗೆಯ ವಿಷಯ. ಒಳಗೆ ಉಜ್ಜುವುದು ನಿಂತಿತು. ಹೊರಗೆ ಶುರುವಾಯಿತು. ಚಕ್ರ ಹೊರಗೆ ಬಂದಷ್ಟೂ ತಿರುಗುವಾಗ ದೊಡ್ಡ ವೃತ್ತ ಸುತ್ತುತ್ತದೆ. ರಿವರ್ಸ್‌ನಲ್ಲಿ ಪೂರ್ತಿ ಎಡಕ್ಕೆ ತಿರುಗಿಸಿದರೆ ಟೈರು ಬಂಪರಿನ ಹಿಂದಿನ ಪ್ಲಾಸ್ಟಿಕ್ಕಿಗೆ ತಾಗುತ್ತಿತ್ತು. ಹೀಟ್ ಗನ್ನಿನಲ್ಲಿ ಆ ಅಂಚನ್ನು ಬಿಸಿ ಮಾಡಿ ಹಿಂದಕ್ಕೆ ಒತ್ತಿ, ಎರಡು ಟ್ಯಾಗ್ ಕಟ್ಟಿದೆ. ಮಡ್ ಫ್ಲಾಪ್ ಅಗಲದ್ದು ಹಾಕಿದೆ. ಇಲ್ಲದಿದ್ದರೆ ಬಾಗಿಲಿನ ಹಿಡಿವರೆಗೂ ಕೆಸರು ಹಾರುತ್ತದೆ, ಪಕ್ಕದಲ್ಲಿ ಬೈಕಿನವರು ಇದ್ದರೆ ಅವರ ಬಾಯಲ್ಲಿ ನಮ್ಮ ಮನೆಯವರ ಹೆಸರೆಲ್ಲ ಬರುತ್ತದೆ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ನೋಡಿದೆ. ತಿರುವಿನಲ್ಲಿ ಗಾಡಿ ಮೊದಲಿಗಿಂತ ಒಂಚೂರು ಊರಿ ನಿಲ್ಲುತ್ತದೆ ಅನಿಸಿತು, ಅದು ನನ್ನ ದುಡ್ಡು ಹೇಳಿಸಿದ ಮಾತೂ ಇರಬಹುದು. ಅನುಮಾನವಿಲ್ಲದೆ ಗೊತ್ತಾದದ್ದು ಇನ್ನೊಂದು. ಒಂದೇ ಚಕ್ರ ಗುಂಡಿಗೆ ಬಿದ್ದಾಗ ಸ್ಟಿಯರಿಂಗ್ ಕೈಯಲ್ಲಿ ಜಗ್ಗುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಎಡಬಲಕ್ಕೆ ಹೊರಳುವ ಅಕ್ಷದಿಂದ ಟೈರಿನ ನಡು 25 ಮಿ.ಮೀ. ದೂರ ಹೋಗಿದೆ, ಹಾಗಾಗಿ ಗುಂಡಿಯ ಏಟಿಗೆ ಅಷ್ಟು ಉದ್ದದ ಸನ್ನೆಗೋಲು ಹೆಚ್ಚು ಸಿಕ್ಕಂತೆ. ಬೇರಿಂಗಿಗೂ ಅದೇ ಹೊರೆ. ಗೊಬ್ಬರದ ಚೀಲ ಈಗ ಮೊದಲಿಗಿಂತ ಎರಡು ಮೂರು ಕಡಿಮೆಯೇ ಹೇರುತ್ತೇನೆ. ಚಕ್ರ ಎತ್ತಿದಾಗಲೆಲ್ಲ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡುತ್ತೇನೆ.

ಜುಲೈಯಲ್ಲಿ ಕೊಟ್ಟಿಗೆಹಾರದ ಹತ್ತಿರವೇ ಮುಂದಿನ ಬಲಗಡೆ ಪಂಚರ್ ಆಯಿತು. ಸ್ಟೆಪ್ನಿಯ ಚೀಲದ ಮೇಲೆ ನಾನು ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೆ: "ಹೊರಗಿನ ಆರು ನಟ್ ಮಾತ್ರ ಬಿಚ್ಚಿ. ಒಳಗಿನ ಆರು ಮುಟ್ಟಬೇಡಿ. ಗನ್ ಬೇಡ. ರೆಂಚ್ ಸೀಟಿನ ಹಿಂದೆ ಇದೆ." ಪಂಚರ್ ಅಂಗಡಿಯವರು ಮಳೆಗೆ ಕೊಡೆ ಹಿಡಿದು ಅದನ್ನು ಎರಡು ಸಲ ಓದಿದರು.

"ಎಂತ ಸಾರ್, ಇದು ಮದುವೆ ಕಾಗದದ ತರ ಉಂಟಲ್ಲ," ಅಂದರು. ಆಮೇಲೆ ಸೀಟಿನ ಹಿಂದೆ ಕೈ ಹಾಕಿ ರೆಂಚ್ ತೆಗೆದರು.